ಎತ್ತಿಟ್ಟ ಬೀಜ

ನಮ್ಮ ಅವ್ವ ತೀರಿಕೊಂಡದ್ದು 2017ರ ಬೇಸಿಗೆಯಲ್ಲಿ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅಡುಗೆಮನೆಯ ನಾಗೊಂದಿಗೆಯನ್ನು ತೆರವು ಮಾಡುವಾಗ ಒಂದು ಸಣ್ಣ ಮಣ್ಣಿನ ಗಡಿಗೆ ಕೈಗೆ ಬಂದಿತು. ಬಾಯಿಗೆ ಸೆಗಣಿ ಮಣ್ಣು ಮೆತ್ತಿತ್ತು. ಬಿಡಿಸಿ ನೋಡಿದರೆ ಒಳಗೆ ಕುಳ್ಳಿನ ಬೂದಿ. ಬೂದಿಯ ನಡುವೆ ಅಪ್ಪನ ಹಳೆಯ ಧೋತರದ ತುಂಡಿನದೊಂದು ಗಂಟು. ಗಂಟಿನಲ್ಲಿ ಸೂರ್ಯಪಾನದ ಕಾಳು. ಪುಸ್ತಕದ ಕನ್ನಡ ಸೂರ್ಯಕಾಂತಿ ಎನ್ನುವುದನ್ನು ನಮ್ಮ ಅಕ್ಕಲಕೋಟೆ ಸೀಮೆಯ ಕನ್ನಡಿಗರು ಸೂರ್ಯಪಾನ ಎನ್ನುತ್ತಾರೆ. ನೆರೆಯ ಮರಾಠಿಗರಿಗೆ ಅದು ಸೂರ್ಯಫೂಲ. ಎಣಿಸಿದೆ. ಅರವತ್ತೊಂದು ಕಾಳುಗಳಿದ್ದವು. ಹಿಂದಿನ ಹಿಂಗಾರಿಯಲ್ಲಿ ಬದುವಿನ ಗುಂಟ ಅವಳೇ ಊರಿ, ಅವಳೇ ಗಿಳಿ ಕಾಯ್ದು, ಅವಳೇ ಬಡಿದು ಎತ್ತಿಟ್ಟ ಬೀಜ ಅದು.

ಆ ಬೀಜವನ್ನು ನಾನು ನಾಲ್ಕು ವರ್ಷ ಬಿತ್ತಲಿಲ್ಲ. ಈ ಲೇಖನ ಬರೆಯಲು ಕುಳಿತದ್ದು ಆ ನಾಲ್ಕು ವರ್ಷಗಳ ಲೆಕ್ಕ ಒಪ್ಪಿಸಲಿಕ್ಕೆ.

ಬಿತ್ತದೆ ಇದ್ದುದಕ್ಕೆ ಸೋಮಾರಿತನ ಕಾರಣವಲ್ಲ, ಭಕ್ತಿ ಕಾರಣ. ಗಂಟನ್ನು ಬೂದಿಯಿಂದ ತೆಗೆದು, ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ದೇವರ ಜಗಲಿಯ ಮೇಲೆ ಅವ್ವನ ಭಾವಚಿತ್ರದ ಕೆಳಗೆ ಇಟ್ಟೆ. ಹಬ್ಬ ಹುಣ್ಣಿಮೆಗಳಲ್ಲಿ ಡಬ್ಬಿಗೂ ಒಂದು ಹೂವು ಏರುತ್ತಿತ್ತು. ಹೊಲ ನೋಡಿಕೊಳ್ಳುವ ತಮ್ಮ ಮೊದಲ ವರ್ಷವೇ ಕೇಳಿದ: “ಅಣ್ಣಾ, ಬದುವಿನ ಗುಂಟ ಒಂದ ಸಾಲ ಊರೋಣೇನು?” ಈ ಸಲ ಹದ ಸಾಲದು ಎಂದೆ. 2018ರಲ್ಲಿ ನಿಜವಾಗಿಯೂ ಬರ ಬಿತ್ತು. ನನ್ನ ಮಾತಿಗೆ ಬಲ ಬಂದಿತು. 2019ರಲ್ಲಿ ಗಿಳಿಗಳ ಕಾಟ ಮುಂದೆ ಮಾಡಿದೆ. 2020ರ ಅಕ್ಟೋಬರಿನಲ್ಲಿ ನಮ್ಮ ಕಡೆ ಸುರಿದ ಮಳೆ ನಿಮಗೆಲ್ಲ ನೆನಪಿರಬಹುದು. ಹಳ್ಳಗಳು ಹೊಲ ಹೊಕ್ಕು ಎರೆಮಣ್ಣನ್ನೇ ಹೊತ್ತೊಯ್ದವು. “ನೋಡಿದಿಯಾ, ಊರಿದ್ದರೆ ಅವ್ವನ ಬೀಜ ಹೋಗಿಬಿಡುತ್ತಿತ್ತು” ಎಂದು ತಮ್ಮನಿಗೆ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತೆಂದು ಈಗ ನಾಚಿಕೆಯಾಗುತ್ತದೆ.

ಅವ್ವ ಆ ಬೀಜವನ್ನು ‘ಜವಾರಿ’ ಎನ್ನುತ್ತಿದ್ದಳು. ಶಾಸ್ತ್ರಪ್ರಕಾರ ಅದು ಜವಾರಿ ಅಲ್ಲವೇ ಅಲ್ಲ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಕಾಡಿನಿಂದ ಹೊಲಕ್ಕೆ ತಂದವರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗಿನಲ್ಲಿ ಯುರೋಪಿಗೆ ಹೋಗಿ ಬಹುಕಾಲ ಉದ್ಯಾನದ ಅಲಂಕಾರವಾಗಿಯೇ ಉಳಿಯಿತು. ಎಣ್ಣೆಯ ಬೆಳೆಯಾದದ್ದು ರಷ್ಯಾದಲ್ಲಿ. ಅಲ್ಲಿನ ಕ್ರಾಸ್ನೊದಾರ್‌ನಲ್ಲಿ ಪುಸ್ತೊವೊಯ್ತ್ ಎಂಬ ತಳಿವಿಜ್ಞಾನಿ ದಶಕಗಳ ಕಾಲ ಒಳ್ಳೆಯ ತೆನೆಗಳನ್ನೇ ಆರಿಸಿ ಆರಿಸಿ ಬಿತ್ತುತ್ತ ಕಾಳಿನ ಎಣ್ಣೆಯ ಅಂಶವನ್ನು ಬಹಳ ಮೇಲಕ್ಕೆ ಒಯ್ದರು. 1969ರಲ್ಲಿ ಭಾರತ ಸೋವಿಯತ್ ದೇಶದಿಂದ ಪೆರೆದೊವಿಕ್, ಅರ್ಮವಿರ್‌ಸ್ಕಿ ಮೊದಲಾದ ತಳಿಗಳನ್ನು ತರಿಸಿತು. ಬಳಿಕ ಕೆನಡಾದಿಂದ ಬಂದದ್ದು ಮಾರ್ಡನ್. ಮ್ಯಾನಿಟೋಬಾ ಪ್ರಾಂತದ ಒಂದು ಊರಿನ ಹೆಸರು ಅದು. ಗಿಡ ಗಿಡ್ಡ, ಮೂರು ತಿಂಗಳೊಳಗೆ ಕೈಗೆ ಬರುವ ಬೆಳೆ. ನಮ್ಮೂರಿಗೆ ಬಂದದ್ದು ಇದೇ. ಅಪ್ಪ ಕೊನೆಯವರೆಗೂ ಅದನ್ನು ‘ಮಾಡರ್ನ್’ ಎಂದೇ ತಿಳಿದಿದ್ದ. ಹೊಸ ಕಾಲದ ಬೀಜಕ್ಕೆ ಒಪ್ಪುವ ಹೆಸರು ಎಂದು ಮೆಚ್ಚಿಯೂ ಇದ್ದ.

ಕೆನಡಾದ ಊರಿನ ಬೀಜ ನಮ್ಮ ಅಡುಗೆಮನೆಯ ಗಡಿಗೆಯಲ್ಲಿ ಜವಾರಿ ಆದದ್ದು ಹೇಗೆ? ಅವ್ವನ ಪ್ರಕಾರ ಅಂಗಡಿಯಿಂದ ತಂದದ್ದು ಹೊರಗಿನದು. ನಾವು ಬೆಳೆದು, ನಾವು ಆರಿಸಿ, ನಾವು ಮತ್ತೆ ಊರಿದ್ದು ಜವಾರಿ. ಹುಟ್ಟಿದೂರನ್ನು ಅವಳು ಕೇಳುತ್ತಿರಲಿಲ್ಲ. ಮೂರು ತಲೆಮಾರಿನಿಂದ ಒಂದೇ ಹೊಲ ಉತ್ತವರನ್ನೂ ‘ನೀವು ಮೂಲತಃ ಎಲ್ಲಿಯವರು’ ಎಂದು ಕೇಳುವ ಗಡಿ ಸೀಮೆಯಲ್ಲಿ ಬಾಳಿದ ನನಗೆ ಈ ವ್ಯಾಖ್ಯೆ ನಿಘಂಟಿನ ವ್ಯಾಖ್ಯೆಗಿಂತ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಆರಿಸುವ ಕೆಲಸದಲ್ಲಿ ಅವಳು ಬಹಳ ಬಿಗಿ. ಹೊಲದ ಅಂಚಿನ ತೆನೆ ಬೀಜಕ್ಕೆ ಸಲ್ಲದು. ಅಲ್ಲಿ ಗೊಬ್ಬರವೋ ನೀರೋ ಹೆಚ್ಚಾಗಿ ಬಿದ್ದು ಗಿಡ ಸುಮ್ಮನೆ ಕೊಬ್ಬಿರುತ್ತದೆ. ನಡುಹೊಲದಲ್ಲಿ, ಅಕ್ಕಪಕ್ಕದ ಗಿಡಗಳೊಡನೆ ಸೆಣಸಿಯೂ ತುಂಬಿಕೊಂಡ ತೆನೆ ಬೇಕು. ತೆನೆಯ ಬೆನ್ನು ನಿಂಬೆಯ ಹಳದಿಗೆ ತಿರುಗಿದ ಮೇಲೆಯೇ ಕೊಯ್ಲು. ಹೊರಸುತ್ತಿನ ಕಾಳು ಬೀಜಕ್ಕೆ, ನಡುವಿನದು ಗಾಣಕ್ಕೆ. ನೆರಳಿನಲ್ಲಿ ಆರಿಸಿ, ಹಲ್ಲಿನಲ್ಲಿ ಕಚ್ಚಿ ಟಕ್ಕೆಂದು ಸದ್ದು ಬಂದರೆ ಒಣಗಿತೆಂದು ಲೆಕ್ಕ. ಇಷ್ಟೆಲ್ಲ ಮುಗಿದ ಬಳಿಕ ಒಂದು ಪದ್ಧತಿಯಿತ್ತು. ಕೇಳಿದವರಿಗೆ ಒಂದೊಂದು ಬೊಗಸೆ ಕೊಡುವುದು. ಕೇಳದವರಿಗೂ ಕೊಡುತ್ತಿದ್ದಳು. “ನಮ್ದು ಹ್ವಾದ್ರ ಅವರ ಮನ್ಯಾಗ ಇರ್ತದ” ಎನ್ನುವುದು ಅವಳ ವಿಮೆ.

ಆ ವಿಮೆ ಕ್ರಮೇಣ ಕೆಟ್ಟಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ದೇಶದ ಮೊದಲ ಸಂಕರ ಸೂರ್ಯಕಾಂತಿಯನ್ನು ಹೊರತಂದಿತು. ಅದರ ಹಿಂದೆ ಮತ್ತಷ್ಟು ಬಂದವು. ಸಂಕರ ಬೀಜದ ಇಳುವರಿ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕಾಳನ್ನು ಮರಳಿ ಬಿತ್ತಿದರೆ ಮಕ್ಕಳೆಲ್ಲ ಒಂದೊಂದು ತರ ಆಗುತ್ತವೆ. ಆದಕಾರಣ ವರ್ಷ ವರ್ಷವೂ ಹೊಸ ಪಾಕೀಟು. 2001ರ ಕೇಂದ್ರದ ಕಾಯಿದೆ ತನ್ನ ಬೆಳೆಯ ಬೀಜವನ್ನು ಎತ್ತಿಡುವ, ಮರುಬಿತ್ತುವ, ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಹಕ್ಕು ಬಂದಿತು, ಎತ್ತಿಡತಕ್ಕ ಬೀಜ ಅಷ್ಟರಲ್ಲಿ ನಮ್ಮ ಓಣಿಯಲ್ಲಿ ಒಂದು ಗಡಿಗೆಯಲ್ಲಿ ಮಾತ್ರ ಉಳಿದಿತ್ತು. ತಮ್ಮನೂ ಪಾಕೀಟಿನವನೇ ಆದ. ಅವನನ್ನು ನಾನು ದೂರಲಾರೆ. ಸಾಲ ತೀರಿಸುವವನು ಅವನು, ಪಿಂಚಣಿಯವನು ನಾನು.

ಅವ್ವನನ್ನು ನಾನು ಬೀಜದ ಭಕ್ತೆ ಎಂಬಂತೆ ಚಿತ್ರಿಸಿದ್ದರೆ ಅದು ನನ್ನ ಬರವಣಿಗೆಯ ದೋಷ. ಒಂದು ಸಂಗತಿ ಹೇಳಬೇಕು. ಸೂರ್ಯಪಾನ ನಮ್ಮೂರಿಗೆ ಕಾಲಿಡುವ ಮೊದಲಿನ ಮಾತು, 1972ರ ಬರ. ಬಿ.ಎ. ಮುಗಿಸಿ ನೌಕರಿ ಇಲ್ಲದೆ ಮನೆಯಲ್ಲಿದ್ದ ನಾನೂ ಸರಕಾರಿ ದುಷ್ಕಾಳದ ಕೆಲಸಕ್ಕೆ ಹೋಗಿ ರಸ್ತೆಗೆ ಖಡಿ ಒಡೆದೆ. ಮಕ್ಕಳಿಗೆ ಸುಕಡಿ ಹಂಚುತ್ತಿದ್ದರು. ಪಡಿತರದಲ್ಲಿ ಪರದೇಶದ ಕೆಂಪು ಮಿಲೋ ಜೋಳ. ಮನೆಯಲ್ಲಿ ತಿನ್ನುವ ಕಾಳು ಮುಗಿದಿದ್ದರೂ ಮಾಲದಂಡಿ ಜೋಳದ ಬೀಜದ ಗಡಿಗೆ ಅಟ್ಟದ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಅದಕ್ಕೆ ಕೈ ಹಚ್ಚಬಾರದೆಂಬುದು ಅಪ್ಪನ ಆಜ್ಞೆ.

ಒಂದು ರಾತ್ರಿ ಬೀಸುವ ಕಲ್ಲಿನ ಸದ್ದಿಗೆ ಎಚ್ಚರವಾಯಿತು. ನೆರೆಮನೆಯ ಬಾಣಂತಿಗೆ ಹಾಲು ಬತ್ತಿ ಕೂಸು ಅಳುವುದನ್ನೂ ಬಿಟ್ಟಿತ್ತು. ಅವ್ವ ಬೀಜದ ಜೋಳದಲ್ಲಿ ಒಂದು ಸೇರು ತೆಗೆದು ಬೀಸುತ್ತಿದ್ದಳು. ಅಪ್ಪ ಎದ್ದು ಬಂದು ಕತ್ತಲಲ್ಲಿ ನಿಂತು ಕೇಳಿದ: “ನಾಳೆ ಊರೆಲ್ಲ ಬಿತ್ತೂ ಹೊತ್ತಿನ್ಯಾಗ ನಾ ಏನ ಬಿತ್ತಲಿ?” ಅವ್ವ ಕಲ್ಲು ನಿಲ್ಲಿಸಲಿಲ್ಲ. “ಕೂರಿಗಿ ಹೂಡೂ ಹೊತ್ತಿಗೆ ಯಾರರ ಕೊಡ್ತಾರ. ಆ ಬಾಣಂತಿಗೆ ಈ ರಾತ್ರಿ ಯಾರ ಕೊಡ್ತಾರ?” ಅಪ್ಪ ಎಂಟು ದಿನ ಅವಳೊಡನೆ ಮಾತಾಡಲಿಲ್ಲ. ಮರುವರ್ಷ ಮಳೆಯಾಯಿತು, ಬೀಜ ಸಾಲದೆ ಸವಾಯಿಯ ಲೆಕ್ಕದಲ್ಲಿ ಕಡ ತಂದು ಬಿತ್ತಿದೆವು. ಆ ಸವಾಯಿಯನ್ನು ಅಪ್ಪ ಸಾಯುವವರೆಗೂ ಎತ್ತಿ ಆಡುತ್ತಿದ್ದ.

ಶಾಲೆಯಲ್ಲಿ ನೀತಿಪಾಠ ಮಾಡುವಾಗ ಈ ಕಥೆಯನ್ನು ಅನೇಕ ವರ್ಷ ಹೇಳಿದೆ. ಅವ್ವ ಸರಿ, ಅಪ್ಪ ತಪ್ಪು ಎಂಬಂತೆಯೇ ಹೇಳಿದೆ. ಈಗ ಹಾಗೆ ಹೇಳಲಾರೆ. ಅಪ್ಪನ ಆಜ್ಞೆ ಇದ್ದುದರಿಂದಲೇ ಆ ರಾತ್ರಿಯವರೆಗೆ ಗಡಿಗೆಯಲ್ಲಿ ಜೋಳ ಉಳಿದಿತ್ತು. ಹಸಿದಾಗಲೆಲ್ಲ ಅವರವರ ಕರುಣೆಗೆ ತೋಚಿದಂತೆ ಬೀಜ ಬೀಸಿಕೊಳ್ಳುವ ಊರಿನಲ್ಲಿ ಬಾಣಂತಿಗೂ ಗಂಜಿ ಇರುವುದಿಲ್ಲ. ಒಂದು ಮಾತ್ರ ನಿಶ್ಚಯ. ಅಪ್ಪನಿಗೆ ಬೀಜ ಮುಂದಿನ ವರ್ಷದ ಹೊಲಕ್ಕಾಗಿತ್ತು, ಅವ್ವನಿಗೆ ಆ ರಾತ್ರಿಯ ಕೂಸಿಗಾಗಿತ್ತು. ಪೂಜೆಗಾಗಿ ಬೀಜ ಇಟ್ಟವನು ನಮ್ಮ ವಂಶದಲ್ಲಿ ನಾನೇ ಮೊದಲಿಗ.

ನನ್ನ ಪರವಾಗಿ ವಾದಿಸಲು ನನಗೆ ದೊಡ್ಡ ದೊಡ್ಡ ಸಾಕ್ಷಿಗಳಿದ್ದವು. ಓದಿದವನ ಕಷ್ಟವೇ ಅದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿದಾಗ, ವವಿಲೊವ್ ಕಟ್ಟಿ ಬೆಳೆಸಿದ ಅಲ್ಲಿನ ಸಸ್ಯಸಂಸ್ಥೆಯಲ್ಲಿ ಅಕ್ಕಿ, ಗೋದಿ, ಬೇಳೆ, ಎಣ್ಣೆಕಾಳುಗಳ ಅಪಾರ ಸಂಗ್ರಹವಿತ್ತು. ಕಾವಲಿದ್ದ ವಿಜ್ಞಾನಿಗಳಲ್ಲಿ ಹಲವರು ಕಾಳಿನ ಮೂಟೆಗಳ ನಡುವೆಯೇ ಹಸಿವಿನಿಂದ ಸತ್ತರು, ಸಂಗ್ರಹವನ್ನು ಮುಟ್ಟಲಿಲ್ಲ. ಅದೇ ಹೊತ್ತಿಗೆ ವವಿಲೊವ್ ಸ್ವತಃ ತನ್ನ ದೇಶದ ಸೆರೆಮನೆಯಲ್ಲಿದ್ದು 1943ರಲ್ಲಿ ಅಲ್ಲಿಯೇ ತೀರಿಕೊಂಡರು. ಇದನ್ನು ಓದಿದಾಗ ಕಣ್ಣು ತುಂಬಿ ಬಂದಿತ್ತು. ನನ್ನ ಡಬ್ಬಿಯನ್ನೂ ಆ ಸಾಲಿನಲ್ಲೇ ನಿಲ್ಲಿಸಿಕೊಂಡೆ. ಅವರು ಪಣಕ್ಕೆ ಇಟ್ಟದ್ದು ತಮ್ಮ ಪ್ರಾಣವನ್ನು, ನಾನು ಇಟ್ಟದ್ದು ಬೀಜದ ಪ್ರಾಣವನ್ನು ಎಂಬ ವ್ಯತ್ಯಾಸ ಆಗ ಹೊಳೆಯಲಿಲ್ಲ.

ಇನ್ನೊಂದು ಸಾಕ್ಷಿ ಇಸ್ರೇಲಿನ ಖರ್ಜೂರ. ಮಸಾದಾ ಎಂಬ ಹಾಳು ಕೋಟೆಯಲ್ಲಿ ಸಿಕ್ಕ ಸುಮಾರು ಎರಡು ಸಾವಿರ ವರ್ಷದ ಬೀಜವೊಂದನ್ನು 2005ರಲ್ಲಿ ನೆಟ್ಟರೆ ಮೊಳೆತು ಗಿಡವಾಯಿತು. ಎರಡು ಸಾವಿರ ವರ್ಷ ಅದು ತಾಳಿದರೆ ನನ್ನದು ನಾಲ್ಕು ವರ್ಷ ತಾಳದೇ? ಇದು ಎಂಥ ತರ್ಕವೆಂದು ಒಬ್ಬ ಒಕ್ಕಲಿಗ ಥಟ್ಟನೆ ಹೇಳಿಬಿಡುತ್ತಿದ್ದ. ಖರ್ಜೂರದ ಕಲ್ಲಿನಂಥ ಬೀಜ ಬೇರೆ, ಎಣ್ಣೆಕಾಳು ಬೇರೆ. ಶೇಂಗಾ, ಸೂರ್ಯಪಾನಗಳ ಎಣ್ಣೆ ಕಾಳಿನೊಳಗೇ ಮುಗ್ಗುತ್ತದೆ. ಸಾಧಾರಣ ಮನೆಯಲ್ಲಿ ವರ್ಷ ಎರಡು ವರ್ಷದ ಮೇಲೆ ಮೊಳಕೆಯ ಶಕ್ತಿ ಬೇಗ ಬೇಗ ಇಳಿಯುತ್ತದೆ. ಅವ್ವನ ಬೂದಿ ತೇವ ಹೀರುತ್ತಿತ್ತು. ಭಕ್ತಿಯಿಂದ ನಾನು ಅದನ್ನು ಝಾಡಿಸಿ ಬಿಸಾಕಿ, ದೀಪದ ಬಿಸಿ ತಾಗುವ ಜಗಲಿಯ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ಇಟ್ಟಿದ್ದೆ.

ನನ್ನ ಕಣ್ಣು ತೆರೆಸಿದ್ದು ಕೂಡ ಓದೇ. ಉತ್ತರ ಧ್ರುವದ ಬಳಿಯ ಸ್ವಾಲ್ಬಾರ್ಡ್ ದ್ವೀಪದಲ್ಲಿ, ಬೆಟ್ಟದ ಹೊಟ್ಟೆಯಲ್ಲಿ, ಲೋಕದ ಬೆಳೆಗಳ ಬೀಜ ಕಾಪಿಡುವ ಕಣಜವೊಂದಿದೆ. 2008ರಲ್ಲಿ ತೆರೆದದ್ದು, ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ. ಸಿರಿಯಾದಲ್ಲಿ ಯುದ್ಧವಾಗಿ ಅಲೆಪ್ಪೋ ಬಳಿಯ ಸಂಶೋಧನಾ ಕೇಂದ್ರದ ಬೀಜಸಂಗ್ರಹ ಕೈತಪ್ಪಿದಾಗ ಆ ಕೇಂದ್ರದವರು 2015ರಲ್ಲಿ ಕಣಜದಿಂದ ತಮ್ಮ ಬೀಜವನ್ನು ಹಿಂದಕ್ಕೆ ಪಡೆದು, ಲೆಬನಾನ್ ಮತ್ತು ಮೊರೊಕ್ಕೊದಲ್ಲಿ ಬಿತ್ತಿ ಬೆಳೆದು, 2017ರಲ್ಲಿ ಹೊಸ ಬೀಜವನ್ನು ಮರಳಿ ಇಟ್ಟರು. ಅಷ್ಟು ಚಳಿಯಲ್ಲಿಯೂ ಬೀಜ ಚಿರಂಜೀವಿಯಲ್ಲ. ಆಗಾಗ ಹೊಲಕ್ಕೆ ಇಳಿದು ಬರಲೇಬೇಕು. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

2021ರ ಹಸ್ತ ಮಳೆ ಹದವಾಗಿ ಬಿದ್ದಿತು. ಅರವತ್ತೊಂದು ಕಾಳನ್ನೂ ಒಮ್ಮೆಗೇ ಊರಲೇ, ಅರ್ಧ ಉಳಿಸಿಕೊಳ್ಳಲೇ ಎಂದು ಬೆಳಗಿನವರೆಗೆ ಯೋಚಿಸಿದೆ, ಹಳೆಯ ಚಾಳಿ. ಎಲ್ಲವನ್ನೂ ಊರಿದೆ. ಮೊಮ್ಮಗಳು ಒಂದೊಂದು ಗುಣಿಗೂ ಒಂದೊಂದು ಕಡ್ಡಿ ಚುಚ್ಚಿದಳು. ಆರನೆಯ ದಿನ ಒಂದು ಮೊಳಕೆ ಕಾಳಿನ ಸಿಪ್ಪೆಯನ್ನು ಟೊಪ್ಪಿಗೆಯಂತೆ ಹೊತ್ತುಕೊಂಡು ಎದ್ದಿತು. ಒಂಬತ್ತನೆಯ ದಿನಕ್ಕೆ ಮೂರಾದವು. ಹದಿನೈದು ದಿನ ಕಾಯ್ದೆವು. ಮೂರೇ. ಉಳಿದ ಐವತ್ತೆಂಟು ಕಡ್ಡಿಗಳು ಬರಿ ಮಣ್ಣಿನಲ್ಲಿ ನಿಂತಿದ್ದವು. “ಮುತ್ಯಾ, ಇವೆಲ್ಲ ಯಾವಾಗ ಸತ್ತಾವು?” ಎಂದು ಹುಡುಗಿ ಕೇಳಿದಳು. ಪೂಜೆಯಲ್ಲಿದ್ದಾಗ ಎಂದು ಹೇಳಲು ಬಾಯಿ ಬರಲಿಲ್ಲ.

ಮೂರು ಗಿಡ ಹೂವಿಗೆ ಬಂದಾಗ ಎರಡನೆಯ ಪ್ರಶ್ನೆ ಎದುರಾಯಿತು. ನೂರು ಮಾರು ಆಚೆಗೆ ತಮ್ಮನ ಸಂಕರ ಸೂರ್ಯಪಾನ ಅರಳಿತ್ತು. ಜೇನು ಅಲ್ಲಿಂದ ಇಲ್ಲಿಗೆ ಬಂದರೆ ಅವ್ವನ ತಳಿ ಕೆಡುತ್ತದೆ. ಬರದಿದ್ದರೆ ಕಾಳೇ ಕಟ್ಟುವುದಿಲ್ಲ. ಇಂಥ ಹಳೆಯ ತಳಿಯ ಗಿಡ ತನ್ನ ಪರಾಗದಿಂದ ತಾನೇ ಫಲಿಸುವುದು ಬಹಳ ಕಡಿಮೆ, ಬೇರೆ ಗಿಡದ್ದು ಬೇಕು. ಹಳೆಯ ಧೋತರ ಹರಿದು ಮೂರು ಚೀಲ ಹೊಲಿಸಿ ಹೂವಿಗೆ ತೊಡಿಸಿದೆ. ದಿನವೂ ಬಿಸಿಲೇರುವ ಹೊತ್ತಿಗೆ ಚೀಲ ತೆಗೆದು, ಮೆತ್ತನೆಯ ಬಟ್ಟೆಯಿಂದ ಒಂದರ ಮುಖ ಒರೆಸಿ ಇನ್ನೊಂದರ ಮೇಲೆ ಆಡಿಸುತ್ತಿದ್ದೆ. ತಮ್ಮನ ಹೆಂಡತಿ ನೋಡಿ, “ಭಾವನೋರ, ಹೂವಿಗೆ ಕುಂಚಗಿ ಹೊಲಿಸೀರಲ್ಲ!” ಎಂದು ನಕ್ಕಳು. ಆ ದಿನಗಳಲ್ಲಿ ಕಂಡ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸೂರ್ಯಕಾಂತಿ ಹೂವು ದಿನವಿಡೀ ಸೂರ್ಯನನ್ನು ಹಿಂಬಾಲಿಸುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಹಾಗೆ ತಿರುಗುವುದು ಎಳೆಯ ಗಿಡ, ಮೊಗ್ಗು; ಅರಳಿ ಬಲಿತ ಹೂವು ಮೂಡಣಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ತಿದ್ದಿಕೊಳ್ಳಬೇಕು.

ಐದನೆಯ ದಿನ ಚೀಲ ತೆಗೆದವನು ಮತ್ತೆ ತೊಡಿಸಲಿಲ್ಲ. ಕಾಯುತ್ತಿದ್ದುದು ಏನನ್ನು ಎಂಬ ಅನುಮಾನ ಮೂಡಿತು. ನಲವತ್ತು ವರ್ಷ ಅವ್ವನ ಹೂವಿಗೆ ಯಾರೂ ಚೀಲ ಕಟ್ಟಿರಲಿಲ್ಲ. ಸುತ್ತಲಿನ ಹೊಲಗಳ ಜೇನು ಬಂದೇ ಬಂದಿತ್ತು. ಅವಳು ಆರಿಸಿಯೇ ಆರಿಸಿದ್ದಳು. 1980ರ ಕಾಳು ಮತ್ತು 2017ರ ಕಾಳು ಒಂದೇ ಆಗಿದ್ದಿರಲಾರದು. ಹಾಗಿದ್ದರೆ ಅವ್ವನ ಬೀಜ ಎಂದು ನಾನು ಕರೆಯುತ್ತಿದ್ದುದು ಕಾಳಿನೊಳಗಿನ ಯಾವುದೋ ಬದಲಾಗದ ತಿರುಳನ್ನಲ್ಲ. ಅವಳು ಪ್ರತಿ ವರ್ಷ ನಡುಹೊಲಕ್ಕೆ ಹೋಗಿ ಮಾಡುತ್ತಿದ್ದ ಕೆಲಸವನ್ನು. ಆ ಕೆಲಸ ನಾಲ್ಕು ವರ್ಷ ನಿಂತಿತ್ತು. ತಮ್ಮ ಇದನ್ನು ಒಪ್ಪುವುದಿಲ್ಲ. “ಅಣ್ಣಾ, ನೀ ಏನ ಹೇಳಿದ್ರೂ ಇದರಾಗ ಅರ್ಧ ನನ್ನ ಹೈಬ್ರೀಡ್ ಅದ” ಎನ್ನುತ್ತಾನೆ. ಅವನ ಮಾತೂ ಸುಳ್ಳಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ತೆನೆಗಳ ಬೆನ್ನು ಹಳದಿಯಾಗಿತ್ತು. ಬಡಿದು ಜೊಳ್ಳು ತೂರಿದ ಮೇಲೆ ಒಂದು ಬೊಗಸೆ ಕಾಳು. ಮುಂದಿನ ವರ್ಷ ಬಿತ್ತಿದರೆ ಕೆಲವು ಗಿಡ ಗಿಡ್ಡ, ಕೆಲವು ಆಳೆತ್ತರ, ಒಂದಂತೂ ನಾಲ್ಕು ಕವಲೊಡೆದು ನಾಲ್ಕು ಹೂವು ಬಿಟ್ಟಿತು. ಗಿಡ್ಡ ಗಿಡಗಳ ಕಾಳನ್ನೇ ಆರಿಸುತ್ತ ಬಂದಿದ್ದೇನೆ. ಅದು ಅವ್ವನ ನೆನಪಿಗೋ, ನನ್ನ ಎತ್ತರಕ್ಕೆ ಕೊಯ್ಯಲು ಸುಲಭವೆಂದೋ, ಬಗೆಹರಿದಿಲ್ಲ.

ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಬರೆಯುವ ನಿವೃತ್ತ ಮಾಸ್ತರ ಇಲ್ಲಿಂದ ಕನ್ನಡದ ಮಾತಿಗೆ ಹೊರಳುತ್ತಾನೆಂದು ನೀವು ಕಾಯುತ್ತಿರಬಹುದು. ಭಾಷೆಯನ್ನು ಬೀಜಕ್ಕೆ ಹೋಲಿಸುವ ಭಾಷಣಗಳನ್ನು ನಾನೂ ಸಾಕಷ್ಟು ಮಾಡಿದ್ದೇನೆ, ಇನ್ನೊಂದು ಬೇಡ. ಆದರೆ ನನ್ನ ಮೇಲಿನ ಇನ್ನೊಂದು ಆರೋಪವನ್ನು ಮುಚ್ಚಿಟ್ಟರೆ ಲೆಕ್ಕ ಪೂರ್ತಿಯಾಗದು. ನಾನು ಮುಖ್ಯಾಧ್ಯಾಪಕನಾಗಿದ್ದ ಕನ್ನಡ ಶಾಲೆಯಲ್ಲಿ ಗಾಜಿನ ಕದದ ಒಂದು ಕಪಾಟು ಇತ್ತು. ಗಡಿಯಾಚೆಯಿಂದ ಕಷ್ಟಪಟ್ಟು ತರಿಸಿದ ಮುನ್ನೂರು ಚಿಲ್ಲರೆ ಕನ್ನಡ ಪುಸ್ತಕಗಳು ಅದರಲ್ಲಿದ್ದವು. ಕೀಲಿ ನನ್ನ ಜನಿವಾರದಂತೆ ಸದಾ ಮೈಮೇಲೆಯೇ. ಮಕ್ಕಳು “ಗುರುಜೀ, ಪುಸ್ತಕ ಕೊಡ್ರಿ” ಎಂದು ಕೇಳಿದರೆ, “ಹರೀತೀರಿ, ಇವು ಮತ್ತೆ ಸಿಗೂದಿಲ್ಲ” ಎನ್ನುತ್ತಿದ್ದೆ. ಇನ್‌ಸ್ಪೆಕ್ಟರು ಬಂದಾಗ ಗಾಜಿನ ಆಚೆಯಿಂದ ತೋರಿಸುತ್ತಿದ್ದೆ. ನಿವೃತ್ತಿಯ ದಿನ ಚಾರ್ಜು ಒಪ್ಪಿಸಲು ಕಪಾಟು ತೆಗೆದು ಪುಸ್ತಕಗಳಿಗೆ ಕೈ ಹಚ್ಚಿದರೆ ಕೆಳಗಿನ ಎರಡು ಸಾಲು ಪುಡಿಪುಡಿಯಾಗಿ ಉದುರಿತು. ಗೋಡೆಯ ಕಡೆಯಿಂದ ಗೆದ್ದಲು ಹತ್ತಿತ್ತು. ಗಾಜಿನ ಕಡೆಯ ಬೆನ್ನುಗಳು ಮಾತ್ರ ನೆಟ್ಟಗಿದ್ದವು. ಓದಿ ಹರಿದಿದ್ದರೆ ಯಾವುದಾದರೂ ಮನೆಯಲ್ಲಿ ನಾಲ್ಕು ಹಾಳೆಯಾದರೂ ಉಳಿದಿರುತ್ತಿತ್ತು. ಆ ವರ್ಷ ಒಂದನೆಯ ತರಗತಿಗೆ ಹನ್ನೊಂದು ಮಕ್ಕಳು ಬಂದಿದ್ದರು.

ಅಪ್ಪ ಗಡಿಗೆಗೆ ಹಾಕಿದ ಕಾವಲೂ ನಾನು ಕಪಾಟಿಗೆ ಹಾಕಿದ ಕೀಲಿಯೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಅಪ್ಪನ ಕಾವಲಿಗೆ ಒಂದು ತಾರೀಖು ಇತ್ತು; ಕೂರಿಗೆ ಹೂಡುವ ದಿನ ಅದು ತಾನಾಗಿಯೇ ಸಡಿಲುತ್ತಿತ್ತು. ನನ್ನ ಕೀಲಿಗೆ ತಾರೀಖು ಇರಲಿಲ್ಲ. ಕಾಪಾಡುತ್ತಿದ್ದೇನೆ ಎಂದು ಹೇಳುವವರನ್ನು, ನನ್ನನ್ನೂ ಸೇರಿಸಿ, ಎಲ್ಲಿಯವರೆಗೆ ಎಂದು ಕೇಳಬೇಕೆಂದು ಈಗ ತೋರುತ್ತದೆ.

ಸ್ಟೀಲಿನ ಡಬ್ಬಿ ಜಗಲಿಯಿಂದ ಇಳಿದು ಅಡುಗೆಮನೆಗೆ ಹೋಗಿದೆ. ಸೊಸೆ ಅದರಲ್ಲಿ ಸಾಸಿವೆ ಹಾಕಿದ್ದಾಳೆ. ಬೀಜ ಮತ್ತೆ ಬೂದಿಯ ಗಡಿಗೆಯಲ್ಲಿದೆ. ಈ ಸಮ್ಮೇಳನಕ್ಕೆ ಬರುವಾಗ ಇಪ್ಪತ್ತು ಪೊಟ್ಟಣ ಕಟ್ಟಿಕೊಂಡು ಬರುತ್ತೇನೆ, ಒಂದೊಂದರಲ್ಲಿ ಮೂವತ್ತು ಕಾಳು. ಮಂಟಪದ ಬಾಗಿಲಲ್ಲಿ ಊಟದ ಚೀಟಿ ಕೊಡುವ ಮೇಜಿನ ಪಕ್ಕದಲ್ಲಿ ಕುಳಿತಿರುತ್ತೇನೆ. ಬೇಕಾದವರು ಯಾವ ಹೊಲದಲ್ಲಿ, ಯಾವ ಮಳೆಗೆ ಊರುತ್ತೀರೆಂದು ಹೇಳಿ ಒಯ್ಯಬಹುದು. ಹೊಲವಿಲ್ಲದವರಿಗೆ ಅಂಗಳವಾದರೂ ಆದೀತು. ಒಂದೇ ಗಿಡ ಹಚ್ಚಬೇಡಿ, ಜೊಳ್ಳಾಗುತ್ತದೆ. ಮೊಳಕೆ ಎಷ್ಟು ಬಂದವೆಂದು ಒಂದು ಕಾರ್ಡು ಬರೆದರೆ ಸಂತೋಷ. ಸ್ಮರಣಿಕೆಯೆಂದು ಷೋಕೇಸಿನಲ್ಲಿ ಇಡುವವರಿದ್ದರೆ ದಯವಿಟ್ಟು ನನ್ನ ಮೇಜಿನ ಕಡೆ ಬರಬಾರದು. ಅವರಿಗೆ ಸಂಘದವರು ಶಾಲು ಹೊದಿಸುತ್ತಾರೆ.